ಹೊಸ ಕಾಯಿಪಲ್ಯದ ತೋಟಕ್ಕೆ ಋತುಮಾನದ ಸಲಹೆಯನ್ನು ಆರಿಸುವ ಕ್ರಮ

ಜಮೀನಿಲ್ಲದ ಕುಟುಂಬದವರು ಒಂದೆರಡು ಗುಂಟೆ ನೆಲವನ್ನು ಪಡೆದು ಕಾಯಿಪಲ್ಯ ಬೆಳೆಯಲು ತೊಡಗುವುದುಂಟು. ಗುಂಟೆಯೆಂದರೆ ೩೩ ಅಡಿ ಉದ್ದ, ೩೩ ಅಡಿ ಅಗಲದ ನೆಲ. ಎಕರೆಯ ೪೦ನೆಯ ಒಂದು ಪಾಲು. ಇಷ್ಟು ಅಲ್ಪ ನೆಲದಲ್ಲಿ ಒಂದು ಬೆಳೆ ಕೆಟ್ಟರೆ ಬೀಜದ ಹಣವೂ ಎರಡು ಮೂರು ತಿಂಗಳ ದುಡಿಮೆಯೂ ವ್ಯರ್ಥವಾಗುವುವು. ಧೈರ್ಯಗುಂದಿದ ಹೊಸಬನು ನೆಲವನ್ನೇ ಬಿಟ್ಟುಬಿಡುವನು. ಹೀಗಾಗುವುದಕ್ಕೆ ಅನೇಕ ವೇಳೆ ಸೋಮಾರಿತನವಾಗಲಿ ಮಣ್ಣಿನ ದೋಷವಾಗಲಿ ಕಾರಣವಲ್ಲ. ಕಾಲವಲ್ಲದ ಕಾಲದಲ್ಲಿ ಬಿತ್ತಿದುದೇ ಕಾರಣ. ಆದುದರಿಂದ ಹೊಸಬನಿಗೆ ಬೀಜಕ್ಕಿಂತ ಮೊದಲು ಬೇಕಾದುದು ಒಳ್ಳೆಯ ಸಲಹೆ.

ಸಲಹೆಗೆ ಕೊರತೆಯಿಲ್ಲ, ಆದರೆ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಹೊಂದಿಕೆಯಿರುವುದಿಲ್ಲ. ಇವರಲ್ಲಿ ಯಾರೂ ಸುಳ್ಳು ಹೇಳಿರಬೇಕೆಂದಿಲ್ಲ. ಪ್ರತಿಯೊಂದು ಸಲಹೆಯೂ ತಾನು ಹುಟ್ಟಿದ ಸ್ಥಳದಲ್ಲಿ ಸತ್ಯವಾಗಿರಬಹುದು. ಇಂಗ್ಲೆಂಡಿನ ತೋಟದ ಪುಸ್ತಕವು ಬಟಾಣಿಯನ್ನು ಮಾರ್ಚಿ ಏಪ್ರಿಲ್‌ಗಳಲ್ಲಿ ಬಿತ್ತಬೇಕೆನ್ನುತ್ತದೆ. ಅಲ್ಲಿ ಆಗ ಚಳಿಗಾಲ ಮುಗಿಯುತ್ತಿರುತ್ತದೆ. ನಮ್ಮ ದಕ್ಷಿಣದ ಮೈದಾನ ಸೀಮೆಯಲ್ಲಿ ಅದೇ ತಿಂಗಳುಗಳು ಕಡುಬೇಸಿಗೆ. ಬಟಾಣಿಯು ತಂಪನ್ನು ಬಯಸುವ ಬೆಳೆಯಾದುದರಿಂದ ಇಲ್ಲಿ ಅದನ್ನು ಅಕ್ಟೋಬರಿನಲ್ಲಿ ಬಿತ್ತುವುದು ಯುಕ್ತ. ಹೀಗೆಯೇ ಮಲೆನಾಡಿನ ಮಾತು ಕೋಲಾರದ ಸೀಮೆಗೆ ಸಲ್ಲದು. ಆದುದರಿಂದ ಸಲಹೆಯನ್ನು ಕೇಳುವವನು ಮೊದಲು, "ಇದು ಯಾವ ಸೀಮೆಯ ಮಾತು?" ಎಂದು ವಿಚಾರಿಸತಕ್ಕದ್ದು.

ಎರಡನೆಯ ಪ್ರಶ್ನೆಯು ತಳಿಯನ್ನು ಕುರಿತದ್ದು. ಇದಕ್ಕೆ ಅವರೆಯೇ ಸಾಕ್ಷಿ. ನಾಡ ಅವರೆಯನ್ನು ಮುಂಗಾರಿನಲ್ಲಿ ಬಿತ್ತಿದರೂ ಹಗಲು ಕಿರಿದಾಗುವವರೆಗೆ ಅದು ಹೂ ಕಟ್ಟುವುದಿಲ್ಲ. ಅದರ ಸೊಗಡಿನ ಕಾಯಿ ಚಳಿಗಾಲದಲ್ಲಿಯೇ ದೊರೆಯತಕ್ಕದ್ದು. ಅದನ್ನೇ ಬೇಸಿಗೆಯಲ್ಲಿ ಬಿತ್ತಿದವನಿಗೆ ಬಳ್ಳಿಯೂ ಎಲೆಯೂ ದಕ್ಕುವುವೇ ಹೊರತು ಸಕಾಲಕ್ಕೆ ಕಾಯಿ ದಕ್ಕದು. ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹೊರತಂದ ಹೆಬ್ಬಾಳ ಅವರೆ ೩, ಹೆಬ್ಬಾಳ ಅವರೆ ೪ ಎಂಬ ತಳಿಗಳಾದರೋ ಹಗಲಿನ ಉದ್ದವನ್ನು ಲಕ್ಷಿಸದೆ ಹೂ ಬಿಡುವುವು. "ಅವರೆಯನ್ನು ಯಾವಾಗಲಾದರೂ ಬಿತ್ತಬಹುದು" ಎಂಬ ಮಾತು ಈ ತಳಿಗಳಿಗೆ ಸರಿ, ನಾಡ ಅವರೆಗೆ ತಪ್ಪು. ಹೂಕೋಸಿನಲ್ಲಿಯೂ ಹೀಗೆಯೇ: ಚಳಿಗಾಲದ ತಳಿಯನ್ನು ಸೆಕೆಯಲ್ಲಿ ನೆಟ್ಟರೆ ಎಲೆ ಬೆಳೆದು ಗೆಡ್ಡೆ ಕಟ್ಟದು, ಬೇಗನೆ ಬರುವ ತಳಿಯನ್ನು ಚಳಿಯಲ್ಲಿ ನೆಟ್ಟರೆ ಗುಂಡಿಯಷ್ಟು ಗೆಡ್ಡೆ ಕಟ್ಟಿ ನಿಂತುಬಿಡುವುದು.

ಮೂರನೆಯದು, ಹೇಳಿದ ಕಾಲವು ಬೀಜ ಚೆಲ್ಲುವುದಕ್ಕೋ, ಸಸಿ ನಾಟಿಮಾಡುವುದಕ್ಕೋ ಎಂಬುದು. ಟೊಮೇಟೊ ಸಸಿಗೆ ಮಡಿಯಲ್ಲಿ ೨೫ರಿಂದ ೩೦ ದಿವಸ ಬೇಕು. ಮೆಣಸಿನ ಸಸಿಗೆ ಸುಮಾರು ೪೦ ದಿವಸ. ಜೂನ್ ಕೊನೆಯಲ್ಲಿ ಮೆಣಸಿನ ಸಸಿಯನ್ನು ನೆಡಬೇಕೆನ್ನುವವನು ಮೇ ತಿಂಗಳ ನಡುವಿನಲ್ಲಿಯೇ ಒಟ್ಟಲು ಹಾಕಿರಬೇಕು.

ನಾಲ್ಕನೆಯದು ಕಾಲವನ್ನು ಅಳೆಯುವ ರೀತಿ. ಹಬ್ಬವನ್ನು ಹಿಡಿದು ಹೇಳಿದ ಗಡುವು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ: ಯುಗಾದಿಯು ೨೦೨೩ರಲ್ಲಿ ಮಾರ್ಚಿ ೨೨ರಂದೂ ೨೦೨೪ರಲ್ಲಿ ಏಪ್ರಿಲ್ ೯ರಂದೂ ಬಂದಿತು. ಮಳೆ ನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸುವುದರಿಂದ ಸ್ಥಿರವಾದುವು. ರೋಹಿಣಿಯು ಮೇ ೨೫ರ ಸುಮಾರಿಗೂ ಮೃಗಶಿರವು ಜೂನ್ ೮ರ ಸುಮಾರಿಗೂ ಹುಟ್ಟುತ್ತವೆ. ಆದುದರಿಂದ ಹಿರಿಯರ ನಕ್ಷತ್ರದ ಲೆಕ್ಕವು ಒಳ್ಳೆಯ ಪಂಚಾಂಗ. ಆದರೆ ನಕ್ಷತ್ರವು ದಿನವನ್ನು ತಿಳಿಸುವುದೇ ಹೊರತು ಮಳೆಗೆ ಹೊಣೆಯಲ್ಲ. ನೆಲ ನೆನೆದುದನ್ನು ಕಣ್ಣಾರೆ ನೋಡಿಯೇ ಬಿತ್ತತಕ್ಕದ್ದು.

ದಕ್ಷಿಣದ ಮೈದಾನ ಸೀಮೆಯ ಹೊಸಬನಿಗೆ ಸ್ಥೂಲವಾಗಿ ಈ ಕ್ರಮವು ಸಾಕು:

ಮುಂಗಾರು, ಜೂನ್–ಜುಲೈ: ಬದನೆ, ಮೆಣಸು, ಬೆಂಡೆ, ಹೀರೆ, ಸೋರೆ, ನಾಡ ಅವರೆ.

ಹಿಂಗಾರು, ಸೆಪ್ಟೆಂಬರ್–ಅಕ್ಟೋಬರ್: ಕೋಸು, ನವಿಲುಕೋಸು, ಕ್ಯಾರೆಟ್, ಬಟಾಣಿ, ಮೂಲಂಗಿ.

ಬೇಸಿಗೆ, ಜನವರಿ–ಫೆಬ್ರವರಿ, ನೀರು ಇದ್ದಲ್ಲಿ ಮಾತ್ರ: ಸೌತೆ, ಕುಂಬಳ, ಹಾಗಲ, ದಂಟಿನ ಸೊಪ್ಪು.

ಬಾವಿಯ ನೀರು ಮಾರ್ಚಿಯಲ್ಲಿ ಇಳಿದುಹೋಗುವ ಊರಿನಲ್ಲಿ ಮೂರನೆಯ ಬೆಳೆಯ ಆಸೆಯನ್ನು ಬಿಡುವುದೇ ಲೇಸು. ಮೊದಲನೆಯ ವರ್ಷ ನಾಲ್ಕೈದು ಬೆಳೆಗಳಿಗಿಂತ ಹೆಚ್ಚಿಗೆ ಕೈ ಹಾಕಬಾರದು.

ಇನ್ನು ಯಾರನ್ನು ಕೇಳತಕ್ಕದ್ದು? ಅದೇ ಊರಿನಲ್ಲಿ, ಅದೇ ಬಗೆಯ ಮಣ್ಣಿನಲ್ಲಿ, ಹಲವು ವರ್ಷ ತರಕಾರಿ ಬೆಳೆದವನೇ ಮೊದಲನೆಯ ಗುರು. ಅವನ ಮಾತನ್ನು ಮಾತ್ರವಲ್ಲ, ಅವನ ಪಾತಿಗಳನ್ನೂ ಹದಿನೈದು ದಿವಸಕ್ಕೊಮ್ಮೆ ನೋಡಬೇಕು. ಹೊಸ ತಳಿಗಳ ವಿಷಯದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಇವುಗಳಲ್ಲಿ ವಿಚಾರಿಸಬಹುದು. ಬೀಜ ಮಾರುವವನ ಮಾತನ್ನು ಕೇಳಿ, ಪೊಟ್ಟಣದ ಮೇಲಿನ ತಳಿಯ ಹೆಸರನ್ನೂ ಅವಧಿಯ ತಾರೀಖನ್ನೂ ಓದಿ, ಬಳಿಕ ಹಣ ಕೊಡತಕ್ಕದ್ದು.

ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದುದು ತೋಟದವನ ಸ್ವಂತ ಲೆಕ್ಕದ ಪುಸ್ತಕ. ಬಿತ್ತಿದ ದಿನ, ತಳಿ, ಮಳೆ ಬಂದ ದಿನ, ಹುಳು ಬಿದ್ದ ದಿನ, ಮೊದಲ ಕಾಯಿ ಕೊಯ್ದ ದಿನ, ಇಷ್ಟನ್ನು ಬರೆದಿಟ್ಟರೆ ಮೂರು ವರ್ಷಗಳಲ್ಲಿ ಆ ನೆಲಕ್ಕೆ ಒಪ್ಪುವ ಪಂಚಾಂಗವೊಂದು ತಾನಾಗಿ ಸಿದ್ಧವಾಗುವುದು. ಓದುಬರಹ ಬಾರದವನ ಪರವಾಗಿ ಶಾಲೆಗೆ ಹೋಗುವ ಮಗುವು ಬರೆಯಬಹುದು.

ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಇದರಲ್ಲಿ ಹೊಣೆಯುಂಟು. ಹೊಸಬನು ಮೊದಲು ಬಂದು ಕೇಳುವುದು ಅವರನ್ನೇ. ತಿಳಿದುದನ್ನು ತಿಳಿದಷ್ಟು ಹೇಳಿ, ತಿಳಿಯದಿದ್ದರೆ ತಿಳಿದವನ ತೋಟಕ್ಕೆ ಕರೆದುಕೊಂಡು ಹೋದರೆ ಅದೇ ದೊಡ್ಡ ಉಪಕಾರ. ಗುಂಟೆ ನೆಲವನ್ನು ಕೊಟ್ಟು ಸುಮ್ಮನಿರುವುದು ಅರ್ಧ ದಾನ; ಅದರಲ್ಲಿ ಯಾವಾಗ ಏನು ಬಿತ್ತಬೇಕೆಂಬುದನ್ನು ತೋರಿಸಿಕೊಟ್ಟಾಗಲೇ ಅದು ಪೂರ್ಣವಾಗುವುದು.