ರಾಕೆಟ್ ಮಾಡೋರು ಪ್ಲೈವುಡ್ ಅಂಗಡಿಗೆ ಹೋಗೋ ಮುಂಚೆ

ಮೊದಲೇ ಹೇಳಿಬಿಡ್ತೀವಿ, ನಮ್ಮದು ನೀರಿನ ರಾಕೆಟ್. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ, ಅದರಲ್ಲಿ ಮೂರನೇ ಒಂದು ಭಾಗ ನೀರು, ಉಳಿದ ಜಾಗಕ್ಕೆ ಸೈಕಲ್ ಪಂಪಿನ ಗಾಳಿ. ಮದ್ದಿನ ಮೋಟಾರು ನಮಗೆ ರಾಯಚೂರಿನಲ್ಲಿ ಸಿಗಲಿಲ್ಲ. ಲೈಸೆನ್ಸ್ ಇಲ್ಲದೆ ಹಾಸ್ಟೆಲ್ ರೂಮಿನಲ್ಲಿ ಮದ್ದು ಕಲಸೋದು ಕಾನೂನಿಗೆ ವಿರುದ್ಧ, ಅದಕ್ಕಿಂತ ಮುಂಚೆ ಬೆರಳಿಗೆ ವಿರುದ್ಧ. ಆ ಯೋಚನೆ ಇರೋರು ಇಲ್ಲೇ ಬಿಟ್ಟುಬಿಡಿ.

ನೀರಿನ ರಾಕೆಟ್ ಅಂದ್ರೆ ಆಟಿಕೆ ಅಂತ ನಾವೂ ಅಂದುಕೊಂಡಿದ್ವಿ. ಮೊದಲ ಪ್ರಯೋಗದಲ್ಲೇ ಬಾಟಲಿ ಮೇಲೆ ಹೋಗೋ ಬದಲು ಅಡ್ಡ ಹಾರಿ, ನಮ್ಮ ಟೀಮಿನ ಒಬ್ಬನ ಕಿವಿಯ ಪಕ್ಕದಿಂದ ಹೋಯ್ತು. ತಪ್ಪು ಬಾಟಲಿಯದಲ್ಲ, ಪ್ಲೈವುಡ್ಡಿನದು. ಸರಿಯಾಗಿ ಹೇಳಬೇಕಂದ್ರೆ, ಪ್ಲೈವುಡ್ ತಂದ ನಮ್ಮದು.

ಲೆಕ್ಕ ನೋಡಿ. ಬಾಟಲಿಯ ಬಾಯಿಯ ಒಳವ್ಯಾಸ ಸುಮಾರು 22 ಮಿ.ಮೀ., ಅಂದ್ರೆ ವಿಸ್ತೀರ್ಣ 3.8 ಚದರ ಸೆಂ.ಮೀ. 60 ಪಿಎಸ್ಐ ಗಾಳಿ ಅಂದ್ರೆ ಚದರ ಸೆಂ.ಮೀ.ಗೆ ಹೆಚ್ಚುಕಡಿಮೆ 4 ಕೆ.ಜಿ. ಗುಣಿಸಿದ್ರೆ 15 ಕೆ.ಜಿ. ಬಿಡುಗಡೆ ಆಗೋವರೆಗೂ ಬಾಟಲಿ ಲಾಂಚ್ ಪ್ಯಾಡನ್ನು ಅಷ್ಟು ಬಲದಿಂದ ಮೇಲಕ್ಕೆ ಎಳೀತಾ ಇರುತ್ತೆ. ನಾವು ಪ್ಯಾಡಿಗೆ ಹಾಕಿದ್ದು 6 ಎಂಎಂ ಪ್ಲೈ. ಅಷ್ಟು ತೆಳುವಿನಲ್ಲಿ ಸ್ಕ್ರೂಗೆ ಕಚ್ಚಿಕೊಳ್ಳೋಕೆ ಎರಡು ಮೂರು ಸುತ್ತು ಸಿಕ್ಕರೆ ಹೆಚ್ಚು. 40 ಪಿಎಸ್ಐ ಹತ್ತಿರ ಹೋದಾಗ ಪೈಪ್ ಹಿಡಿದಿದ್ದ ಕ್ಲಾಂಪ್ ಸ್ಕ್ರೂ ಸಮೇತ ಕಿತ್ತು ಬಂತು. ಆ ಲೆಕ್ಕವನ್ನ ನಾವು ಮಾಡಿದ್ದು ಅದಾದ ಮೇಲೆ! ಫ್ಲೂಯಿಡ್ ಮೆಕ್ಯಾನಿಕ್ಸ್ ಇಂಟರ್ನಲ್ಸ್‌ನಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡವರು ನಾವು.

ಈಗ ಪ್ಯಾಡ್ 18 ಎಂಎಂ, ಒಂದಡಿ ಚೌಕ. ಇದಕ್ಕೆ 8x4 ಅಡಿಯ ಇಡೀ ಶೀಟ್ ಕೊಳ್ಳೋಕೆ ಹೋಗ್ಬೇಡಿ. ತೀನ್ ಕಂದೀಲ್ ಕಡೆಯಿಂದ ಶುರುಮಾಡಿ ಸುತ್ತಾಡಿದಾಗ ಅಂಗಡಿಯವರೆಲ್ಲ ಇಡೀ ಶೀಟಿನ ರೇಟೇ ಹೇಳಿದ್ರು. ಕಟ್ ಪೀಸ್ ಸಿಗೋದು ಬಡಗಿ ಕೆಲಸ ನಡೆಯೋ ಕಡೆ. ನಮಗೆ ಸಿಕ್ಕಿದ್ದು ದೇವದುರ್ಗದಲ್ಲಿ, ಗೆಳೆಯನ ಸೋದರಮಾವನ ಬಡಗಿ ಶೆಡ್ಡಿನಲ್ಲಿ. ಮಾವ ನಮ್ಮ 6 ಎಂಎಂ ತುಂಡನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, "ಒಳಗ ಟೊಳ್ಳ ಐತಿ ನೋಡ್ರೋ ತಮ್ಮ" ಅಂದ್ರು. ನಿಜ, ಒಂದು ಕಡೆ ಟಕ್ ಟಕ್, ಇನ್ನೊಂದು ಕಡೆ ಡಬ್ ಡಬ್. ಒಳಪದರದಲ್ಲಿ ಮರದ ಹಾಳೆ ಕೂಡದೇ ಸಂದು ಉಳಿದಿತ್ತು. ಸ್ಕ್ರೂ ಸರಿಯಾಗಿ ಅಲ್ಲೇ ಬಿದ್ದಿತ್ತು.

ಹಾಗಾಗಿ ಅಂಗಡಿಯಲ್ಲಿ ಮೇಲಿನ ಹೊಳಪು ನೋಡ್ಬೇಡಿ, ಅಂಚು ನೋಡಿ. ಪದರಗಳು ಬೆಸ ಸಂಖ್ಯೆಯಲ್ಲಿರುತ್ತವೆ, ಒಂದರ ನಾರು ಉದ್ದಕ್ಕೆ, ಮುಂದಿನದರದು ಅಡ್ಡಕ್ಕೆ. ಅಂಚಿನಲ್ಲಿ ಕಪ್ಪು ಸಂದು ಕಂಡರೆ ಬೇಡ. ಶೀಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟ ಇದೆಯಾ ನೋಡಿ, ಆಮೇಲೆ ಮಾವನ ಥರ ತಟ್ಟಿ.

ಇನ್ನು ಗ್ರೇಡು. ಕಮರ್ಷಿಯಲ್ ಅಂತ ಕೊಡೋದು ಎಂಆರ್ ಗ್ರೇಡು, ತೇವವನ್ನು ಅಲ್ಪಸ್ವಲ್ಪ ತಡೆಯುತ್ತೆ. ಮರೈನ್ ಪ್ಲೈ ಮೇಲೆ ಐಎಸ್ 710 ಮುದ್ರೆ ಇರುತ್ತೆ, ಅದರ ಅಂಟು ಕುದಿಯೋ ನೀರಿಗೂ ಬಗ್ಗಲ್ಲ. ನಮ್ಮ ಪ್ಯಾಡ್ ಪ್ರತಿ ಸಲ ಅರ್ಧ ಲೀಟರ್‌ಗಿಂತ ಹೆಚ್ಚು ನೀರಿನಲ್ಲಿ ನೆನೆದು, ಆಮೇಲೆ ರಾಯಚೂರಿನ ಬಿಸಿಲಿನಲ್ಲಿ ಒಣಗುತ್ತೆ. ಎರಡರ ಚೂರನ್ನೂ ಹಳೇ ಪಾತ್ರೆಯಲ್ಲಿ ಹಾಕಿ ಕುದಿಸಿ ನೋಡಿದ್ವಿ. ಎಂಆರ್ ಚೂರು ಹಪ್ಪಳದ ಹಾಗೆ ಬಿಚ್ಚಿಕೊಂಡಿತು.

ರೆಕ್ಕೆಗೆ ಮಾತ್ರ ಪ್ಲೈ ಬೇಡ. 3 ಎಂಎಂ ಪ್ಲೈನಲ್ಲಿ 12 ಸೆಂ.ಮೀ. ಬುಡ, 6 ಸೆಂ.ಮೀ. ತುದಿ, 8 ಸೆಂ.ಮೀ. ಎತ್ತರದ ರೆಕ್ಕೆ ಸುಮಾರು 14 ಗ್ರಾಂ ಆಗುತ್ತೆ, ಮೂರಕ್ಕೆ 42. ಖಾಲಿ ಬಾಟಲಿಯೇ ಹತ್ತಿರ ಹತ್ತಿರ 50 ಗ್ರಾಂ. ಅಷ್ಟು ಭಾರ ಬಾಲದಲ್ಲಿ ಸೇರಿದ್ರೆ ಗುರುತ್ವಕೇಂದ್ರ ಹಿಂದೆ ಸರಿಯುತ್ತೆ. ಅದು ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದಿದ್ದರೆ ಮಾತ್ರ ರಾಕೆಟ್ ನೇರ ಹೋಗೋದು, ಇಲ್ಲಾಂದ್ರೆ ಪಲ್ಟಿ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ ಸಿಕ್ಕವಲ್ಲ, ಆ ಕಬ್ಬಿಣದ ಕೊಳವೆಗಳಿಗೆ ರೆಕ್ಕೆ ಇರಲಿಲ್ಲ. ಉದ್ದ ಬಿದಿರು ಕಟ್ಟುತ್ತಿದ್ದರು, ಭಾರ ಕಡಿಮೆ, ಉದ್ದ ಜಾಸ್ತಿ. ನಾವು ಹಳೇ ಬ್ಯಾನರಿನ ಸನ್‌ಪ್ಯಾಕ್ ಶೀಟ್ ಕತ್ತರಿಸಿದ್ವಿ. 3 ಎಂಎಂ ಪ್ಲೈ ಹಾಳಾಗಲಿಲ್ಲ, ರೆಕ್ಕೆ ಅಂಟಿಸುವಾಗ ಹಿಡಿದುಕೊಳ್ಳೋ ಜಿಗ್ ಆಯ್ತು. ಬಾಟಲಿಯ ಅಳತೆಯ ದುಂಡು ತೂತು, ಸುತ್ತ ಮೂರು ಗಾಡಿ. ಕೋನಮಾಪಕ ಬೇಡ, ಕೈವಾರದ ಅಗಲವನ್ನು ತ್ರಿಜ್ಯಕ್ಕೇ ಇಟ್ಟು ವೃತ್ತದ ಮೇಲೆ ಆರು ಗುರುತು ಹಾಕಿ, ಒಂದು ಬಿಟ್ಟು ಒಂದು ತಗೊಳ್ಳಿ.

ಮಷಿನ್ನು ಎರಡೇ ಸಾಕು. ಮೊದಲು ಡ್ರಿಲ್ಲು: ಟ್ರಿಗರ್ ಒತ್ತಿದಷ್ಟೇ ವೇಗ ಬರಬೇಕು, ರಿವರ್ಸ್ ಇರಬೇಕು. ತೂತಿನ ಕೆಳಗೆ ಬೇಡದ ಹಲಗೆ ಇಡಿ, ಇಲ್ಲಾಂದ್ರೆ ಹಿಂಬದಿ ಸಿಬಿರೆದ್ದು ಹೋಗುತ್ತೆ. ಆಮೇಲೆ ಜಿಗ್‌ಸಾ, ಸಣ್ಣ ಹಲ್ಲಿನ ಬ್ಲೇಡು. ಅದರ ಹಲ್ಲು ಮೇಲಕ್ಕೆ ಬರುವಾಗ ಕತ್ತರಿಸುತ್ತೆ, ಆದ್ದರಿಂದ ಚೆನ್ನಾಗಿರೋ ಮುಖ ಕೆಳಗೆ. ಗೆರೆ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದ್ರೆ ಇನ್ನೂ ಒಳ್ಳೇದು. ಒಳಗಿನ ದುಂಡು ಕತ್ತರಿಸೋಕೆ ಮೊದಲು ಗೆರೆಯ ಒಳಗೆ 10 ಎಂಎಂ ತೂತು ಕೊರೆದು, ಅಲ್ಲಿಂದ ಬ್ಲೇಡು ಇಳಿಸಿ.

ಆಂಗಲ್ ಗ್ರೈಂಡರಿಗೆ ಮರದ ಬ್ಲೇಡ್ ಹಾಕಿ ಕತ್ತರಿಸೋರನ್ನ ನೀವೂ ನೋಡಿರ್ತೀರಿ. ನಾವೂ ಕೇಳಿದ್ವಿ. ಮಾವ ಮಾತಾಡಲಿಲ್ಲ, ಎಡಗೈ ಹೆಬ್ಬೆರಳ ಮೇಲಿನ ಗಾಯ ತೋರಿಸಿದ್ರು. ಮರದಲ್ಲಿ ಬ್ಲೇಡ್ ಸಿಕ್ಕಿಕೊಂಡ್ರೆ ಗ್ರೈಂಡರ್ ನಮ್ಮ ಕಡೆಗೇ ಜಿಗಿಯುತ್ತೆ.

ಬ್ಯಾಟರಿಯದಾ, ವೈರಿನದಾ? ಶಕ್ತಿನಗರದಲ್ಲಿ ಕರೆಂಟ್ ಹುಟ್ಟುತ್ತೆ ನಿಜ, ನಾವು ಕೆಲಸಕ್ಕೆ ಕೂತಾಗ ಮಾತ್ರ ಇರಲ್ಲ. ಆದ್ರೂ ವೈರಿನದೇ ತಗೊಂಡ್ವಿ, ಕಡಿಮೆ ಬೆಲೆ, ಬ್ಯಾಟರಿ ಸಾಯೋ ಚಿಂತೆ ಇಲ್ಲ. ಕರೆಂಟ್ ಹೋದಾಗ ಕೈಗರಗಸ. 3 ಎಂಎಂಗೆ ಅದೇ ಚೆನ್ನಾಗಿ ಕೂರುತ್ತೆ ಅನ್ನೋದು ನಮ್ಮ ಅಭಿಪ್ರಾಯ.

ಹೊಸ ಪ್ಯಾಡನ್ನು ಮಾನ್ವಿ ಹತ್ತಿರ ಭತ್ತ ಕೊಯ್ದ ಗದ್ದೆಯಲ್ಲಿ, ಗದ್ದೆಯವರನ್ನು ಕೇಳಿಕೊಂಡು ಪರೀಕ್ಷೆ ಮಾಡಿದ್ವಿ. ಬಿಡುಗಡೆಯ ದಾರ 5 ಮೀಟರ್, ಎಲ್ಲರ ಕಣ್ಣಿಗೂ ಗಾಗಲ್, 60 ಪಿಎಸ್ಐ ದಾಟಲಿಲ್ಲ. ಆರು ಸಲ ಹಾರಿಸಿದ್ವಿ, ಆರೂ ಸಲ ನೆಟ್ಟಗೆ ಹೋಯ್ತು. ಕಿವಿಯ ಹುಡುಗ ಮಾತ್ರ ಬದುವಿನ ಆಚೆ ನಿಂತೇ ನೋಡಿದ.

ಮರೈನ್ ಪ್ಲೈನ ಇನ್ನೊಂದು ತುಂಡು ಉಳಿದಿದೆ, ಹಾಸ್ಟೆಲಿನಲ್ಲಿ ನಮ್ಮ ಮಂಚದ ಕೆಳಗೆ. ಪ್ಯಾಡ್ ಮಾಡೋರು ಬಂದು ತಗೊಂಡು ಹೋಗಿ.