ಅಸ್ಥಿಮಜ್ಜೆ ಕಸಿ: ಗುಣವಾದ ಮೇಲೂ ತಪಾಸಣೆ ಬೇಕು

ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆ ಕಸಿ ಮಾಡುವ ಮೊದಲು ಕೆಲವು ರೋಗಿಗಳ ಇಡೀ ದೇಹಕ್ಕೆ ವಿಕಿರಣ ಕೊಡುತ್ತಾರೆ. ಅಳಿದುಳಿದ ಕ್ಯಾನ್ಸರ್ ಕಣಗಳನ್ನು ಕೊಲ್ಲುವುದು, ಹೊಸ ಮಜ್ಜೆಯನ್ನು ದೇಹ ತಿರಸ್ಕರಿಸದಂತೆ ನೋಡಿಕೊಳ್ಳುವುದು ಇದರ ಉದ್ದೇಶ. ಥಲಸ್ಸೇಮಿಯಾ ಮಕ್ಕಳಿಗೆ ಸಾಮಾನ್ಯವಾಗಿ ಔಷಧಿಗಳಿಂದಲೇ ಈ ಸಿದ್ಧತೆ ನಡೆಯುತ್ತದೆ.

‘ವಿಕಿರಣ ಬೇಡವೆಂದರೆ ಆಗದೇ ಹಕೀಮರೇ?’ ಎಂದು ಪಾಲಕರು ಕೇಳುವುದುಂಟು. ಬರೀ ಹೆದರಿಕೆಯಿಂದ ಬೇಡವೆನ್ನಬೇಡಿ. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಇದ್ದ, 4 ವರ್ಷ ದಾಟಿದ ಮಕ್ಕಳ ಮೇಲೆ ಹಲವು ದೇಶಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ವಿಕಿರಣದೊಂದಿಗೆ ಕಸಿಯಾದವರಲ್ಲಿ 2 ವರ್ಷಗಳ ನಂತರ ನೂರಕ್ಕೆ 91 ಮಂದಿ ಬದುಕಿದ್ದರು. ಔಷಧಿಗಳಿಂದ ಮಾತ್ರ ಸಿದ್ಧಪಡಿಸಿದವರಲ್ಲಿ 75 ಮಂದಿ.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ, ಅದು ವರ್ಷಗಳ ನಂತರ ಕಾಣಿಸುತ್ತದೆ. ಹಿಂದೆ ಒಂದೇ ಸಲಕ್ಕೆ ವಿಕಿರಣ ಕೊಡುತ್ತಿದ್ದಾಗ ಬಹುಪಾಲು ಜನರಿಗೆ ಕಣ್ಣಿನ ಪೊರೆ ಬರುತ್ತಿತ್ತು. ಈಗ ಸಾಮಾನ್ಯವಾಗಿ 12 ಗ್ರೇ ಪ್ರಮಾಣವನ್ನು ದಿನಕ್ಕೆ 2 ಬಾರಿಯಂತೆ 3 ದಿನಗಳಲ್ಲಿ ಹಂಚಿ ಕೊಡುವುದರಿಂದ ಅದು ಕಡಿಮೆಯಾಗಿದೆ. ಥೈರಾಯ್ಡ್ ನಿಧಾನವಾಗುವುದು ಸಾಮಾನ್ಯ. ಸುಸ್ತು, ಮಲಬದ್ಧತೆ, ಓದಿನಲ್ಲಿ ಹಿಂದುಳಿಯುವುದನ್ನು ಸೋಮಾರಿತನವೆಂದು ಗದರಬೇಡಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಚಿಕ್ಕ ಮಕ್ಕಳ ಎತ್ತರ ಕುಂಠಿತವಾಗಬಹುದು, ಹಲ್ಲಿನ ಬೇರುಗಳು ಸರಿಯಾಗಿ ಬೆಳೆಯದಿರಬಹುದು. ದಶಕಗಳ ನಂತರ ಚರ್ಮ, ಥೈರಾಯ್ಡ್, ಸ್ತನದಲ್ಲಿ ಬೇರೆ ಕ್ಯಾನ್ಸರ್ ಬರುವ ಅಪಾಯವೂ ಇತರರಿಗಿಂತ ಹೆಚ್ಚು. ಇಂಥವರು ಬೀಡಿ, ಗುಟ್ಕಾ ಹತ್ತಿರ ಸುಳಿಯಲೇಬಾರದು.

ಮನೆಗಳಲ್ಲಿ ಬಾಯಿಬಿಡದ ವಿಷಯ ಸಂತಾನಶಕ್ತಿ. ಹೆಚ್ಚಿನವರಲ್ಲಿ ಅದು ಕುಂದುತ್ತದೆ. ಹುಡುಗಿ ತಾನಾಗಿ ಋತುಮತಿಯಾಗದಿದ್ದರೆ ಹಾರ್ಮೋನ್ ಚಿಕಿತ್ಸೆ ಬೇಕಾಗುತ್ತದೆ. ಮೂಳೆಗಳ ಬಲಕ್ಕೂ ಅದು ಅಗತ್ಯ. ನಾಚಿಕೆಯಿಂದ ವರ್ಷಗಟ್ಟಲೆ ಕಾಯಬೇಡಿ. ವೀರ್ಯ ಅಥವಾ ಅಂಡಾಣು ಕಾಪಿಡುವ ಬಗ್ಗೆ ವಿಕಿರಣಕ್ಕೆ ಮೊದಲೇ ವೈದ್ಯರನ್ನೂ, ಧಾರ್ಮಿಕ ಪ್ರಶ್ನೆಯಿದ್ದರೆ ಆಲಿಮರನ್ನೂ ಕೇಳಿ. ಮುಂದೆ ನಿಕಾಹ್ ಮಾತುಕತೆಯಲ್ಲಿ ಇದನ್ನು ಮುಚ್ಚಿಡುವುದು ಎರಡೂ ಮನೆಗಳಿಗೆ ಕಷ್ಟ ತರುತ್ತದೆ.

ನಮ್ಮ ಯುನಾನಿ ಔಷಧಿಗಳ ಬಗ್ಗೆಯೂ ಹೇಳಬೇಕು. ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್‌ನಂಥ ಮಾತ್ರೆಗಳ ಪ್ರಮಾಣವನ್ನು ರಕ್ತ ಪರೀಕ್ಷೆ ನೋಡಿ ನಿಗದಿ ಮಾಡುತ್ತಾರೆ. ‘ಶಕ್ತಿ ಬರಲಿ’ ಎಂದು ಮಾಜೂನ್, ಖಮೀರಾ, ಗಿಡಮೂಲಿಕೆ ಕೊಟ್ಟರೆ ಆ ಪ್ರಮಾಣ ಏರುಪೇರಾಗಬಹುದು. ಆರಂಭದ ತಿಂಗಳುಗಳಲ್ಲಿ ಕಾಯಿಸದ ಜೇನೂ ಬೇಡ, ಸೋಂಕಿನ ಭಯವಿದೆ. ಕಸಿ ತಜ್ಞರು ಒಪ್ಪುವವರೆಗೆ ನಾನು ಇವರಿಗೆ ಏನನ್ನೂ ಬರೆದುಕೊಡುವುದಿಲ್ಲ. ರೋಝಾ ಹಿಡಿಯುವ ಮೊದಲೂ ಅವರನ್ನೇ ಕೇಳಿ.

ಕಸಿಯಾದವರಿಗೆ ಬಾಲ್ಯದ ಲಸಿಕೆಗಳನ್ನು ಮತ್ತೆ ಹಾಕಿಸಬೇಕು. ಯಾವಾಗ, ಯಾವುದು ಎಂಬುದನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ. ಎಷ್ಟು ವಿಕಿರಣ, ಯಾವ ತಾರೀಖಿಗೆ ಎಂಬ ವಿವರವಿರುವ ಕಾಗದವನ್ನು ಜೋಪಾನವಾಗಿಡಿ. ಇಪ್ಪತ್ತು ವರ್ಷಗಳ ನಂತರ ನೋಡುವ ವೈದ್ಯರು ಕೇಳುವುದು ಅದನ್ನೇ.