ಲೋಲಕದ ಸಾಕ್ಷ್ಯ

ಮಗುವಿನ ತೊಟ್ಟಿಲು ತೂಗುತ್ತದೆ. ನಾಗರಪಂಚಮಿಯ ಜೋಕಾಲಿ ತೂಗುತ್ತದೆ. ದೇವಾಲಯದಲ್ಲಿ ಸರಪಣಿಯಿಂದ ಇಳಿಬಿಟ್ಟ ದೀಪವೂ ಗಾಳಿ ಬೀಸಿದಾಗ ಮೆಲ್ಲನೆ ತೂಗುತ್ತದೆ. ದಿನನಿತ್ಯ ಕಾಣುವ ಈ ಚಲನೆಯಲ್ಲಿ ವಿಶೇಷವೇನೂ ಇಲ್ಲವೆಂದು ತೋರಬಹುದು. ಆದರೆ ಮಾನವನು ಕಾಲವನ್ನು ನಿಖರವಾಗಿ ಅಳೆಯಲು ಕಲಿತದ್ದು, ಭೂಮಿಯ ನಿಜವಾದ ಆಕಾರವನ್ನು ಅರಿತದ್ದು, ಹಿಮಾಲಯದ ಬುಡದಲ್ಲಿ ಏನಿರಬಹುದೆಂದು ತಿಳಿದದ್ದು ಇದೇ ಚಲನೆಯ ನೆರವಿನಿಂದ.

ನೂಲಿನ ತುದಿಗೆ ಸಣ್ಣದೊಂದು ಲೋಹದ ಗುಂಡನ್ನು ಕಟ್ಟಿ, ಇನ್ನೊಂದು ತುದಿಯನ್ನು ಅಲುಗಾಡದ ಆಧಾರಕ್ಕೆ ಬಿಗಿದರೆ ಸರಳ ಲೋಲಕ ಸಿದ್ಧವಾಗುತ್ತದೆ. ಗುಂಡನ್ನು ಒಂದು ಪಕ್ಕಕ್ಕೆ ಎಳೆದು ಬಿಟ್ಟಾಗ ಭೂಮಿಯ ಆಕರ್ಷಣೆಯಿಂದ ಅದು ಕೆಳಗಿಳಿಯುತ್ತದೆ. ತಳದ ಬಿಂದುವನ್ನು ಮುಟ್ಟುವ ವೇಳೆಗೆ ಅದರ ವೇಗ ಹೆಚ್ಚಿರುವುದರಿಂದ ಅಲ್ಲಿ ನಿಲ್ಲದೆ ಎದುರು ಪಕ್ಕಕ್ಕೆ ಏರುತ್ತದೆ. ಏರುತ್ತ ವೇಗವನ್ನು ಕಳೆದುಕೊಂಡು ಮತ್ತೆ ಹಿಂದಿರುಗುತ್ತದೆ. ಹೊರಟ ಸ್ಥಾನದಿಂದ ಎದುರು ಪಕ್ಕಕ್ಕೆ ಹೋಗಿ ಮರಳಿ ಅದೇ ಸ್ಥಾನವನ್ನು ಸೇರಿದರೆ ಒಂದು ಆಂದೋಲನ. ಅದಕ್ಕೆ ಹಿಡಿಯುವ ಕಾಲವೇ ಆಂದೋಲನ ಕಾಲ.

ಈ ಚಲನೆಯಲ್ಲಿ ಅಡಗಿದ್ದ ನಿಯಮವನ್ನು ಗುರುತಿಸಿದವನು ಇಟಲಿಯ ಗೆಲಿಲಿಯೋ. 1564ರಲ್ಲಿ ಪೀಸಾ ನಗರದಲ್ಲಿ ಹುಟ್ಟಿದ ಅವನು ತಾರುಣ್ಯದಲ್ಲಿ ಅಲ್ಲಿನ ಚರ್ಚಿನ ತೂಗುದೀಪವನ್ನು ನೋಡಿ, ತನ್ನ ನಾಡಿಯ ಬಡಿತದಿಂದ ಅದರ ತೂಗಾಟದ ಕಾಲವನ್ನು ಅಳೆದನೆಂದು ಅವನ ಶಿಷ್ಯ ವಿವಿಯಾನಿ ಬರೆದಿದ್ದಾನೆ. ಆ ಪ್ರಸಂಗ ಹೇಗೇ ಇರಲಿ, ಲೋಲಕವು ಸ್ವಲ್ಪ ದೂರ ತೂಗಿದರೂ ಹೆಚ್ಚು ದೂರ ತೂಗಿದರೂ ಒಂದೇ ಕಾಲವನ್ನು ತೆಗೆದುಕೊಳ್ಳುತ್ತದೆಂಬ ಅಭಿಪ್ರಾಯವನ್ನು ಗೆಲಿಲಿಯೋ 1602ರಲ್ಲಿ ಬರೆದ ಪತ್ರವೊಂದರಲ್ಲಿ ಮಂಡಿಸಿದ್ದಾನೆ. ತೂಗಾಟ ಚಿಕ್ಕದಾಗಿರುವವರೆಗೆ ಈ ಮಾತು ಸರಿ. ತೂಗಾಟ ಬಹಳ ಅಗಲವಾದರೆ ಕಾಲ ಸ್ವಲ್ಪ ಹೆಚ್ಚುತ್ತದೆ.

ಗುಂಡು ಭಾರವಾಗಿದ್ದರೆ ಲೋಲಕ ಬೇಗ ತೂಗುವುದೇ? ಇಲ್ಲ. ಭಾರವಾದ ಗುಂಡನ್ನು ಭೂಮಿ ಹೆಚ್ಚು ಬಲದಿಂದ ಎಳೆಯುವುದು ನಿಜ; ಆದರೆ ಅದನ್ನು ಚಲಿಸುವಂತೆ ಮಾಡಲು ಅಷ್ಟೇ ಹೆಚ್ಚು ಬಲ ಬೇಕು. ಆದ್ದರಿಂದ ಆಂದೋಲನ ಕಾಲವು ಗುಂಡಿನ ತೂಕವನ್ನು ಅವಲಂಬಿಸುವುದಿಲ್ಲ. ಅದನ್ನು ನಿರ್ಧರಿಸುವುದು ಲೋಲಕದ ಉದ್ದ ಮತ್ತು ಆ ಸ್ಥಳದ ಗುರುತ್ವಾಕರ್ಷಣೆ, ಇವೆರಡೇ. 25 ಸೆಂಟಿಮೀಟರ್ ಉದ್ದದ ಲೋಲಕಕ್ಕೆ ಒಂದು ಆಂದೋಲನಕ್ಕೆ ಸುಮಾರು 1 ಸೆಕೆಂಡ್ ಹಿಡಿಯುತ್ತದೆ. ಕಾಲವನ್ನು ಇಮ್ಮಡಿಗೊಳಿಸಲು ಉದ್ದವನ್ನು ನಾಲ್ಕು ಪಟ್ಟು, ಅಂದರೆ 1 ಮೀಟರಿಗೆ ಹೆಚ್ಚಿಸಬೇಕು. ನೂಲು, ಒಂದು ಕಲ್ಲು ಮತ್ತು ಗಡಿಯಾರವಿದ್ದರೆ ಯಾವ ವಿದ್ಯಾರ್ಥಿಯಾದರೂ ಇದನ್ನು ಪರೀಕ್ಷಿಸಬಹುದು. ಒಂದೇ ಆಂದೋಲನವನ್ನು ಅಳೆಯುವ ಬದಲು ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ಇಪ್ಪತ್ತರಿಂದ ಭಾಗಿಸಿದರೆ ತಪ್ಪು ಕಡಿಮೆಯಾಗುತ್ತದೆ.

ಈ ನಿಯಮವನ್ನು ಗಡಿಯಾರಕ್ಕೆ ಅಳವಡಿಸಿ ಯಶಸ್ಸು ಪಡೆದವನು ಹಾಲೆಂಡಿನ ಕ್ರಿಶ್ಚಿಯಾನ್ ಹೈಗನ್ಸ್. 1656ರಲ್ಲಿ ಅವನು ರೂಪಿಸಿದ ಗಡಿಯಾರದಲ್ಲಿ ಕೆಳಗಿಳಿಯುವ ಭಾರವೊಂದು ಹಲ್ಲುಚಕ್ರಗಳನ್ನು ತಿರುಗಿಸುತ್ತಿತ್ತು. ಆ ಚಕ್ರಗಳು ಓಡಿಹೋಗದೆ ಒಂದೊಂದೇ ಹಲ್ಲು ಮುಂದುವರಿಯುವಂತೆ ಲೋಲಕ ನಿಯಂತ್ರಿಸುತ್ತಿತ್ತು. ಅದುವರೆಗಿನ ಗಡಿಯಾರಗಳು ದಿನಕ್ಕೆ ಸುಮಾರು ಕಾಲು ಗಂಟೆಯಷ್ಟು ತಪ್ಪುತ್ತಿದ್ದವು. ಲೋಲಕದ ಗಡಿಯಾರಗಳು ಬಂದ ಮೇಲೆ ಆ ತಪ್ಪು ಕೆಲವೇ ಸೆಕೆಂಡುಗಳಿಗೆ ಇಳಿಯಿತು.

ಇಂಥ ನಂಬಿಕೆಯ ಗಡಿಯಾರವೇ 1672ರಲ್ಲಿ ಒಂದು ಸಮಸ್ಯೆಯನ್ನು ತಂದೊಡ್ಡಿತು. ಫ್ರಾನ್ಸಿನ ಜಾನ್ ರಿಶೇ ಎಂಬ ಖಗೋಳವಿಜ್ಞಾನಿ ದಕ್ಷಿಣ ಅಮೆರಿಕದ ಕಯೆನ್ ಎಂಬ ಊರಿಗೆ ಹೋಗಿದ್ದನು. ಅದು ಸಮಭಾಜಕ ವೃತ್ತಕ್ಕೆ ಹತ್ತಿರದ ಊರು. ಪ್ಯಾರಿಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕವನ್ನು ಮೂರು ಮಿಲಿಮೀಟರಿನಷ್ಟು ಮೊಟಕುಗೊಳಿಸಿದ ಮೇಲೆಯೇ ಅದು ಸರಿಹೋಯಿತು. ಉಷ್ಣಪ್ರದೇಶದ ತಾಪಕ್ಕೆ ಲೋಲಕದ ದಂಡ ಹಿಗ್ಗಿರಬಹುದೇ ಎಂಬ ಸಂಶಯ ಸಹಜವಾಗಿತ್ತು. ಆದರೆ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ತಾಪವೊಂದೇ ಸಾಲದೆಂದು ಐಸಾಕ್ ನ್ಯೂಟನ್ ತೋರಿಸಿದನು. 1687ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಅವನು ನಿಜವಾದ ಕಾರಣವನ್ನು ವಿವರಿಸಿದನು. ತನ್ನ ಅಕ್ಷದ ಮೇಲೆ ತಿರುಗುವ ಭೂಮಿ ಸಮಭಾಜಕದ ಬಳಿ ಉಬ್ಬಿ, ಧ್ರುವಗಳಲ್ಲಿ ಚಪ್ಪಟೆಯಾಗಿದೆ. ಉಬ್ಬಿದ ಭಾಗ ಕೇಂದ್ರದಿಂದ ದೂರವಿರುವುದರಿಂದಲೂ, ಅಲ್ಲಿ ಸುತ್ತುವಿಕೆಯ ವೇಗ ಹೆಚ್ಚಾಗಿರುವುದರಿಂದಲೂ ಗುರುತ್ವ ಕಡಿಮೆಯಾಗಿ ಲೋಲಕ ನಿಧಾನವಾಗಿ ತೂಗುತ್ತದೆ. ಭೂಮಿಯ ಸಮಭಾಜಕ ತ್ರಿಜ್ಯ 6,378 ಕಿಲೋಮೀಟರ್, ಧ್ರುವ ತ್ರಿಜ್ಯ 6,357 ಕಿಲೋಮೀಟರ್ ಎಂಬುದು ಈಗ ತಿಳಿದಿದೆ. ತಪ್ಪಿದ್ದು ಗಡಿಯಾರವಲ್ಲ, ಭೂಮಿ ಪೂರ್ಣ ಗೋಳವೆಂಬ ಭಾವನೆ.

ಎರಡು ಶತಮಾನಗಳ ತರುವಾಯ ಲೋಲಕ ಭಾರತದಲ್ಲಿಯೂ ಸಾಕ್ಷ್ಯ ನುಡಿಯಿತು. ಇಲ್ಲಿ ನಡೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ಒಂದು ಒಗಟು ಎದುರಾಗಿತ್ತು. ಹಿಮಾಲಯದಂಥ ಬೃಹತ್ ಪರ್ವತರಾಶಿ ಸಮೀಪದ ತೂಗುಗುಂಡನ್ನು ತನ್ನತ್ತ ಸೆಳೆಯಲೇಬೇಕು. ಸೆಳೆಯುತ್ತಿತ್ತು, ಆದರೆ 1855ರಲ್ಲಿ ಪ್ರಾಟ್ ಮಾಡಿದ ಲೆಕ್ಕಕ್ಕಿಂತ ಬಹಳ ಕಡಿಮೆ. ಪರ್ವತಗಳ ಕೆಳಗೆ ಹಗುರವಾದ ಶಿಲೆಯೇ ಆಳದವರೆಗೆ ಇಳಿದಿರಬೇಕೆಂದು ಏರಿ ಎಂಬ ವಿಜ್ಞಾನಿ ಅದೇ ವರ್ಷ ಸೂಚಿಸಿದನು. ನೀರಿನಲ್ಲಿ ತೇಲುವ ದಿಮ್ಮಿಗಳಲ್ಲಿ ಯಾವುದು ಮೇಲಕ್ಕೆ ಹೆಚ್ಚು ಎದ್ದು ಕಾಣುವುದೋ ಅದೇ ಕೆಳಕ್ಕೂ ಹೆಚ್ಚು ಮುಳುಗಿರುವಂತೆ.

ಇದನ್ನು ಪರೀಕ್ಷಿಸುವ ಹೊಣೆ 1865ರಲ್ಲಿ ಸೇನಾ ಇಂಜಿನಿಯರ್ ಬಾಸೆವಿಯ ಪಾಲಿಗೆ ಬಂದಿತು. ಗಾಳಿಯನ್ನು ಹೊರತೆಗೆದ ಪೆಟ್ಟಿಗೆಯೊಳಗೆ ತೂಗುವ ಲೋಲಕಗಳೊಂದಿಗೆ ಅವನು ದೇಶದ ದಕ್ಷಿಣ ತುದಿಯಿಂದ ಉತ್ತರದವರೆಗೆ ಸಂಚರಿಸಿದನು. ಬೆಂಗಳೂರು, ಮಂಗಳೂರುಗಳೂ ಈ ವೀಕ್ಷಣೆಯ ನೆಲೆಗಳಾಗಿದ್ದವು. ಪ್ರತಿ ನೆಲೆಯಲ್ಲಿ ಒಂದು ದಿನಕ್ಕೆ ಲೋಲಕ ಎಷ್ಟು ಬಾರಿ ತೂಗುತ್ತದೆಂಬುದನ್ನು ಗೊತ್ತುಮಾಡಬೇಕಾಗಿತ್ತು. ಸೆಕೆಂಡಿಗೊಮ್ಮೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ತೂಗುವ ಲೋಲಕ ದಿನಕ್ಕೆ 86,400 ಬಾರಿ ತೂಗುತ್ತದೆ. ಅದರಲ್ಲಿ ಒಂದು ತೂಗು ಕಡಿಮೆಯಾದರೂ ಗುರುತ್ವವು 43,200ರಲ್ಲಿ ಒಂದು ಪಾಲು ತಗ್ಗಿದೆಯೆಂದು ಅರ್ಥ. ಎಣಿಕೆಯಲ್ಲಿ ಸ್ವಲ್ಪ ಅಜಾಗರೂಕತೆಯಾದರೂ ಶ್ರಮವೆಲ್ಲ ವ್ಯರ್ಥ.

1871ರಲ್ಲಿ ಬಾಸೆವಿ ಲಡಾಖಿನ ಮೋರೆ ಬಯಲಿಗೆ ಏರಿ, ಸಮುದ್ರಮಟ್ಟದಿಂದ ಸುಮಾರು 4,700 ಮೀಟರ್ ಎತ್ತರದಲ್ಲಿ ಲೋಲಕವನ್ನು ತೂಗಿಸಿದನು. ಅಷ್ಟಕ್ಕೇ ತೃಪ್ತನಾಗದೆ ಎತ್ತರದಲ್ಲಿ ಇನ್ನೊಂದು ನೆಲೆಯ ವೀಕ್ಷಣೆಗಾಗಿ ಮುಂದೆ ಸಾಗಿದನು. ಆ ನಿರ್ಜನ ಪ್ರದೇಶದಲ್ಲಿ, ಜುಲೈ ತಿಂಗಳಲ್ಲಿ, ಕೆಲಸದ ನಡುವೆಯೇ ಮರಣ ಹೊಂದಿದನು. ಉಳಿದ ಕಾರ್ಯವನ್ನು ಹೀವಿಸೈಡ್ ಎಂಬ ಅಧಿಕಾರಿ ಪೂರ್ಣಗೊಳಿಸಿದನು. ಬಾಸೆವಿ ಬಿಟ್ಟುಹೋದ ಅಂಕಿಗಳು ಸ್ಪಷ್ಟವಾಗಿದ್ದವು: ಕಣ್ಣಿಗೆ ಕಾಣುವ ಪರ್ವತರಾಶಿಗೆ ತಕ್ಕಷ್ಟು ಗುರುತ್ವ ಅಲ್ಲಿ ಇರಲಿಲ್ಲ. ಪರ್ವತಗಳ ಬುಡ ಹಗುರವೆಂಬ ವಿಚಾರಕ್ಕೆ ಇದರಿಂದ ಬಲವಾದ ಆಧಾರ ದೊರೆಯಿತು. ಟಿಬೆಟ್ಟಿನ ಅಡಿಯಲ್ಲಿ ಭೂಮಿಯ ಹೊರಚಿಪ್ಪು ಸುಮಾರು 70 ಕಿಲೋಮೀಟರ್ ದಪ್ಪವಿದೆಯೆಂದು ಇಂದು ತಿಳಿದುಬಂದಿದೆ.

ಈಗ ಗುರುತ್ವವನ್ನು ಅಳೆಯಲು ಸ್ಪ್ರಿಂಗಿಗೆ ತೂಗುಹಾಕಿದ ಭಾರವನ್ನೂ, ನಿರ್ವಾತದಲ್ಲಿ ಬೀಳುವ ವಸ್ತುವನ್ನೂ ಬಳಸುವ ಸೂಕ್ಷ್ಮ ಉಪಕರಣಗಳಿವೆ. 1967ರಿಂದ ಸೆಕೆಂಡಿನ ಅಳತೆಗೆ ಸೀಸಿಯಂ ಪರಮಾಣುವೇ ಆಧಾರ. ಆದರೂ ಮೂಲತತ್ತ್ವ ಬದಲಾಗಿಲ್ಲ: ತಪ್ಪದೆ ಮರುಕಳಿಸುವ ಚಲನೆಯೊಂದನ್ನು ಹುಡುಕುವುದು, ತಾಳ್ಮೆಯಿಂದ ಎಣಿಸುವುದು, ಎಣಿಕೆ ನಿರೀಕ್ಷೆಗೆ ಹೊಂದದಿದ್ದರೆ ಅದನ್ನು ಮರೆಮಾಚದೆ ಕಾರಣವನ್ನು ಅರಸುವುದು. ನೂಲಿಗೆ ಕಟ್ಟಿದ ಗುಂಡು ಮಾನವನಿಗೆ ಕಲಿಸಿದ ಪಾಠ ಇದೇ.

ಅಭ್ಯಾಸ

1. ಲೋಲಕದ ಆಂದೋಲನ ಕಾಲವು ಯಾವ ಯಾವ ಅಂಶಗಳನ್ನು ಅವಲಂಬಿಸಿದೆ?
2. ಕಯೆನ್‌ನಲ್ಲಿ ರಿಶೇಯ ಗಡಿಯಾರ ಹಿಂದೆ ಬೀಳಲು ಕಾರಣವೇನು?
3. ‘ತಪ್ಪಿದ್ದು ಗಡಿಯಾರವಲ್ಲ’ ಎಂಬ ಮಾತನ್ನು ವಿವರಿಸಿರಿ.
4. ಬಾಸೆವಿಯ ವೀಕ್ಷಣೆಗಳಿಂದ ಹಿಮಾಲಯದ ಬಗ್ಗೆ ತಿಳಿದುಬಂದುದೇನು?
5. 25 ಸೆಂಟಿಮೀಟರ್ ಮತ್ತು 1 ಮೀಟರ್ ಉದ್ದದ ಎರಡು ಲೋಲಕಗಳನ್ನು ಮಾಡಿ, ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆದು ಹೋಲಿಸಿರಿ.